ಟೆಂಟಿಗೊಂದು ಸೂರು: ಮಲೆನಾಡಿನ ಮಳೆಗೆ ಟಾರ್ಪಾಲಿನ ಮೇಲ್ಹೊದಿಕೆ

ಅಗ್ಗಕ್ಕೆ ಸಿಗುವ ಇಬ್ಬರ ಗುಮ್ಮಟದ ಟೆಂಟಿಗೆ ನೆತ್ತಿಯ ಮೇಲೆ ಟೋಪಿಯಂಥದೊಂದು ಹೊದಿಕೆ ಇರುತ್ತದೆ. ಬಯಲುಸೀಮೆಯಲ್ಲಿ ಒಂದು ಗಂಟೆ ಬಂದು ಹೋಗುವ ಮಳೆಗೆ ಅದು ಸಾಕು. ಆರಿದ್ರಾದಿಂದ ಆಶ್ಲೇಷದವರೆಗೆ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ, ಆಗುಂಬೆ, ಕೊಡಚಾದ್ರಿ, ಮಡಿಕೇರಿ ಕಡೆ ಹಿಡಿದ ಮಳೆ ಬಿಡದೆ ಹೊಯ್ಯುವಾಗ ಅದು ಯಾತಕ್ಕೂ ಸಾಲದು. ಅಲ್ಲಿ ನೀರು ನೆತ್ತಿಯಿಂದ ಇಳಿಯುವುದಕ್ಕಿಂತ ಪಕ್ಕದಿಂದ ಇರಚಲಾಗಿ, ಕೆಳಗಿನಿಂದ ಹರಿದು ಬರುವುದೇ ಹೆಚ್ಚು. ಆದ್ದರಿಂದ ಟೆಂಟಿನ ಮೇಲೆ ಬೇರೆಯಾಗಿ ಒಂದು ಟಾರ್ಪಾಲು ಕಟ್ಟಬೇಕು. ಅದು ಎಷ್ಟು ಬೆಲೆಬಾಳುತ್ತದೆ ಅನ್ನುವುದನ್ನು ಆಮೇಲೆ ನೋಡಿ. ಇಳಿಜಾರು ಎಷ್ಟು, ಅಂಚು ಎಲ್ಲಿಗೆ ಬಂದು ನಿಲ್ಲುತ್ತದೆ, ಟೆಂಟಿಗೂ ಹೊದಿಕೆಗೂ ನಡುವೆ ಎಷ್ಟು ಜಾಗ ಇದೆ, ಇವು ಮೊದಲು. ಮಲೆನಾಡಿನ ಹಂಚಿನ ಮನೆಗಳಿಗೆ ಕಡಿದಾದ ಮಾಡು, ಉದ್ದ ಸೂರು ಇರುವುದೂ ಇದೇ ಕಾರಣಕ್ಕೆ.

ಅಳತೆ

ಸಾಮಾನ್ಯ ಇಬ್ಬರ ಟೆಂಟು 7 ಅಡಿ ಉದ್ದ, 5 ಅಡಿ ಅಗಲ, 4 ಅಡಿ ಎತ್ತರ. ಇದಕ್ಕೆ 12x15 ಅಡಿಯ ಟಾರ್ಪಾಲು ಬೇಕು. 15 ಅಡಿ ಟೆಂಟಿನ ಉದ್ದಕ್ಕೆ: ಹಿಂದಕ್ಕೆ 3 ಅಡಿ, ಟೆಂಟಿನ ಮೇಲೆ 7 ಅಡಿ, ಬಾಗಿಲ ಮುಂದೆ ಜಗಲಿಯಂತೆ 5 ಅಡಿ. ಒದ್ದೆ ಬೂಟು, ಕೊಡೆ, ಚೀಲ ಇಡಲು ಆ 5 ಅಡಿ ಬೇಕೇ ಬೇಕು. ಅದಿಲ್ಲದಿದ್ದರೆ ಬಾಗಿಲು ತೆರೆದಾಗಲೆಲ್ಲ ಮಳೆ ಒಳಗೆ.

ಅಗಲದ 12 ಅಡಿ ನಡುವೆ ಮಡಿಚಿ ಎರಡು ಕಡೆಗೆ ಆರಾರು ಅಡಿ ಇಳಿಯುತ್ತದೆ. ಆ ಮಡಿಕೆಯನ್ನು ಹೊರುವ ನಡುಹಗ್ಗವನ್ನು ಐದೂವರೆ ಅಡಿ ಎತ್ತರಕ್ಕೆ ಕಟ್ಟಿ, ಅಂಚುಗಳನ್ನು ನಡುಗೆರೆಯಿಂದ 4 ಅಡಿ ಆಚೆಗೆ ಎಳೆದರೆ ಅಂಚು ನೆಲದಿಂದ ಸುಮಾರು 12ರಿಂದ 15 ಇಂಚು ಮೇಲೆ ನಿಲ್ಲುತ್ತದೆ. ಇಳಿಜಾರು 45 ಡಿಗ್ರಿಗೆ ತುಸು ಹೆಚ್ಚೇ ಸಿಗುತ್ತದೆ. ಟೆಂಟಿನ ಗೋಡೆಯಿಂದ ಒಂದೂವರೆ ಅಡಿ ಆಚೆ ನೀರು ಬೀಳುತ್ತದೆ. ನಡುಹಗ್ಗ 5 ಅಡಿಗೆ ಇಳಿದರೆ ನೆತ್ತಿಯ ಮೇಲೇನೋ ಒಂದಡಿ ಜಾಗ ಉಳಿಯುತ್ತದೆ, ಆದರೆ ಗುಮ್ಮಟದ ಭುಜಗಳು ಉಬ್ಬಿರುವುದರಿಂದ ಅಲ್ಲಿ ಎರಡು ಮೂರು ಇಂಚಷ್ಟೇ. ಗಾಳಿಗೆ ಟಾರ್ಪಾಲು ಬಡಿದು ಟೆಂಟಿಗೆ ತಾಗಿದ ಕಡೆ ಒಳಗೆ ತೇವ ಕಟ್ಟುತ್ತದೆ. ಭುಜದ ಬಳಿ ಗೇಣುದ್ದದ ಸಂದು ಇರಲೇಬೇಕು.

ಯಾವ ಟಾರ್ಪಾಲು

ಅಡಿಕೆ ಒಣಗಿಸಲು, ಸೌದೆ ಮುಚ್ಚಲು ಕೃಷಿ ಸಾಮಾನಿನ ಅಂಗಡಿಗಳಲ್ಲಿ ಮಾರುವ ಟಾರ್ಪಾಲು ಅಥವಾ ಸಿಲ್ಪಾಲಿನ್ ಎಂಬ ಪ್ಲಾಸ್ಟಿಕ್ ಹಾಳೆ ಸಾಕು. ಜಿಎಸ್‌ಎಂ ಕೇಳಿ ತೆಗೆದುಕೊಳ್ಳಿ. ಅದು ಒಂದು ಚದರ ಮೀಟರಿನ ತೂಕ, ಗ್ರಾಂ ಲೆಕ್ಕದಲ್ಲಿ. 12x15 ಅಡಿ ಅಂದರೆ 16.7 ಚದರ ಮೀಟರ್. 120 ಜಿಎಸ್‌ಎಂ ಆದರೆ 2 ಕೆ.ಜಿ., 200 ಆದರೆ 3.3 ಕೆ.ಜಿ. ಬೈಕಿನಲ್ಲಿ, ಕಾರಿನಲ್ಲಿ ಹೋಗುವವರಿಗೆ 120 ಸರಿ. ಹೆಗಲ ಮೇಲೆ ಹೊರುವವರು 90ಕ್ಕೆ ಇಳಿಯಬಹುದು, ಒಂದೂವರೆ ಕೆ.ಜಿ. ಆಗುತ್ತದೆ. ಅದಕ್ಕಿಂತ ತೆಳುವಾದದ್ದು ಗಾಳಿಗೆ, ಹಗ್ಗ ಕಟ್ಟಲು ಅಂಚಿನಲ್ಲಿರುವ ರಿಂಗಿನ ಹತ್ತಿರ ಸೀಳುತ್ತದೆ. ಹಳೆಯದನ್ನು ಬಳಸುವುದಾದರೆ ಬಿಸಿಲಿಗೆ ಹಿಡಿದು ನೋಡಿ: ಮಡಿಕೆಯ ಗೆರೆಗಳಲ್ಲಿ ಸೂಜಿಮೊನೆಯಷ್ಟು ಬೆಳಕು ಕಂಡರೂ ಅದು ನೆಲಕ್ಕೆ ಹಾಸಲು ಮಾತ್ರ.

ಉಳಿದ ಸಾಮಾನು: ನಡುಹಗ್ಗಕ್ಕೆ 6 ಮಿ.ಮೀ. ದಪ್ಪದ 12 ಮೀಟರ್. ಅಂಚುಗಳಿಗೆ 3 ಅಥವಾ 4 ಮಿ.ಮೀ. ಹಗ್ಗ ಎರಡೂವರೆ ಮೀಟರಿನ 10 ತುಂಡು, ಗೂಟ 12, ಹಳೆಯ ಸೈಕಲ್ ಟ್ಯೂಬು ಒಂದು. ಹಗ್ಗ ಪಾಲಿಯೆಸ್ಟರಿನದಾಗಲಿ. ನೈಲಾನ್ ನೆಂದರೆ ಹಿಗ್ಗುತ್ತದೆ. ಸಂಜೆ ಬಿಗಿದದ್ದು ನಡುರಾತ್ರಿಗೆ ಜೋತುಬೀಳುತ್ತದೆ. ನಾರಿನ ಹಗ್ಗ ನೆಂದಾಗ ಬಿಗಿದುಕೊಂಡು ಗೂಟ ಕೀಳುತ್ತದೆ, ಒಣಗಿದಾಗ ಸಡಿಲ.

ಟೆಂಟಿನ ಜೊತೆ ಬರುವ ತಂತಿಯಂಥ ಗೂಟಗಳನ್ನು ನೆಂದ ಮಣ್ಣಿನಲ್ಲಿ ನಂಬಬೇಡಿ. 8 ಮಿ.ಮೀ. ಕಬ್ಬಿಣದ ಸರಳನ್ನು ಒಂದಡಿ ಉದ್ದಕ್ಕೆ ಕತ್ತರಿಸಿ ಮೇಲ್ತುದಿ ಬಗ್ಗಿಸಿಕೊಂಡರೆ ಒಳ್ಳೆಯದು. ಅಡಿಕೆ ದಬ್ಬೆ, ಬಿದಿರು ಆದರೆ ಒಂದೂಕಾಲು ಅಡಿ. ತಲೆ ಟೆಂಟಿನಿಂದ ಆಚೆಗೆ ವಾಲುವಂತೆ ಓರೆಯಾಗಿ ಬಡಿಯಿರಿ. ಜಂಬಿಟ್ಟಿಗೆ ನೆಲದಲ್ಲಿ ಗೂಟ ಇಳಿಯುವುದಿಲ್ಲ. ಅಲ್ಲಿ ತೆಂಗಿನಕಾಯಿಗಿಂತ ದೊಡ್ಡ ಕಲ್ಲಿಗೆ ಹಗ್ಗ ಸುತ್ತಿ ಅದರ ಮೇಲೆ ಇನ್ನೊಂದು ಕಲ್ಲು ಹೇರಿ.

ಕಟ್ಟುವ ಕ್ರಮ

ಜಾಗ ನೋಡುವಾಗ ಸ್ವಲ್ಪ ಏರಾಗಿರುವ, ನೀರು ಬಸಿದು ಹೋಗುವ ನೆಲ ಆರಿಸಿ. ತೆಂಗಿನ, ಅಡಿಕೆ ಮರದ ಕೆಳಗೆ ಬೇಡ, ಗರಿ, ಸೋಗೆ ಬೀಳುತ್ತವೆ. ಒಣಕೊಂಬೆ ಇರುವ ಮರವೂ ಬೇಡ. ಹಳ್ಳದ ದಂಡೆಯಂತೂ ಬೇಡವೇ ಬೇಡ, ಮೇಲೆಲ್ಲೋ ಸುರಿದ ಮಳೆಗೆ ಇಲ್ಲಿ ನೀರು ಏರುತ್ತದೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಅನುಮತಿ ಇಲ್ಲದೆ ಟೆಂಟ್ ಹಾಕುವಂತಿಲ್ಲ. ಹೋಂಸ್ಟೇ ಅಂಗಳ, ತೋಟದ ಖಾಲಿ ಜಾಗ ಕೇಳಿಕೊಳ್ಳಿ.

ಮುಂಗಾರಿನ ಗಾಳಿ ಪಡುವಣದಿಂದ, ನೈಋತ್ಯದಿಂದ ಬೀಸುತ್ತದೆ. ಆದರೆ ಕಣಿವೆಗಳಲ್ಲಿ ಅದು ಸುತ್ತಿ ಬರಬಹುದು. ಹತ್ತಿರದ ಮನೆಗಳವರು ಜಗಲಿಯ ಯಾವ ಮಗ್ಗುಲಿಗೆ ಮಳೆಗಾಲದ ತಟ್ಟಿ ಕಟ್ಟಿದ್ದಾರೆ ನೋಡಿ; ಇರಚಲು ಬರುವ ದಿಕ್ಕನ್ನು ಅದಕ್ಕಿಂತ ಸರಿಯಾಗಿ ಯಾವುದೂ ಹೇಳುವುದಿಲ್ಲ. ಆ ದಿಕ್ಕಿಗೆ ಟಾರ್ಪಾಲಿನ ಇಳಿಜಾರು ಎದುರಾಗಬೇಕು, ತೆರೆದ ತುದಿಯಲ್ಲ. ಪಡುವಣ ಗಾಳಿಯಾದರೆ ನಡುಹಗ್ಗ ತೆಂಕಣದಿಂದ ಬಡಗಣಕ್ಕೆ, ಬಾಗಿಲು ಬಡಗಣಕ್ಕೆ. ಗಾಳಿಯ ಕಡೆಯ ಅಂಚನ್ನು ಅರ್ಧ ಅಡಿಗೆ ತಗ್ಗಿಸಿ.

1. ಎರಡು ಮರಗಳ ನಡುವೆ ನಡುಹಗ್ಗ ಕಟ್ಟಿ, ಕೈಯಲ್ಲಿ ಒತ್ತಿದರೂ ಬಗ್ಗದಷ್ಟು ಬಿಗಿಯಿರಿ. ಮರ ಇಲ್ಲದಿದ್ದರೆ ಐದೂವರೆ ಅಡಿಯ ಎರಡು ಬಿದಿರು ನಿಲ್ಲಿಸಿ, ಒಂದೊಂದಕ್ಕೂ ಹೊರಮುಖವಾಗಿ ಎರಡೆರಡು ಹಗ್ಗ ಬಿಗಿಯಿರಿ. ಇದಕ್ಕೆ ನಾಲ್ಕು ಗೂಟ, ನಾಲ್ಕು ತುಂಡು ಹಗ್ಗ ಹೆಚ್ಚು ಬೇಕು.
2. ಟಾರ್ಪಾಲನ್ನು ಹಗ್ಗದ ಮೇಲೆ ಹೊದಿಸಿ, ಗಿಡ್ಡ ಅಂಚುಗಳ ನಡುವಿನ ರಿಂಗನ್ನು ಎರಡೂ ತುದಿಗೆ ಎಳೆದು ಹಗ್ಗಕ್ಕೆ ಕಟ್ಟಿ.
3. ನಾಲ್ಕು ಮೂಲೆ ಎಳೆದು ಗೂಟಕ್ಕೆ. ಆಮೇಲೆ ಪ್ರತಿ ಉದ್ದಂಚಿಗೆ ಮೂರು ಕಡೆ.
4. ಈಗ ಅದರ ಕೆಳಗೆ ಟೆಂಟ್ ಬಿಚ್ಚಿ.

ಈ ಕೊನೆಯ ಕ್ರಮ ತಪ್ಪಬೇಡಿ. ಮಳೆಯಲ್ಲಿ ಮೊದಲು ಟೆಂಟ್ ನಿಲ್ಲಿಸಿದರೆ ಟಾರ್ಪಾಲು ಕಟ್ಟುವ ಹೊತ್ತಿಗೆ ಒಳಗೆಲ್ಲ ನೀರು. ಬೆಳಿಗ್ಗೆ ಇದರ ತಿರುಗು: ಟೆಂಟು ಮೊದಲು ಚೀಲಕ್ಕೆ, ಟಾರ್ಪಾಲು ಕಡೆಗೆ.

ಮೂಲೆಯ ಅಲ್ಯೂಮಿನಿಯಂ ರಿಂಗು ಜೋರು ಗಾಳಿಗೆ ಕಿತ್ತುಬರುವುದು ಸಾಮಾನ್ಯ. ಅದಕ್ಕೆ ಕಾಯದೆ ಮೊದಲೇ ಹೀಗೆ ಮಾಡಿ: ದೊಡ್ಡ ಗೋಲಿಯಷ್ಟು ನುಣುಪಾದ ಉರುಟುಕಲ್ಲನ್ನು ಅಂಚಿನಿಂದ ನಾಲ್ಕು ಇಂಚು ಒಳಗೆ, ಟಾರ್ಪಾಲಿನ ಕೆಳಗಿಟ್ಟು ಮೇಲಿಂದ ಹಿಡಿದು ಹಿಂಡಿ. ಕಲ್ಲಿನ ಸುತ್ತ ಟಾರ್ಪಾಲು ಕತ್ತು ಕಟ್ಟಿದಂತಾಗುತ್ತದೆ. ಆ ಕತ್ತಿಗೆ ಹಗ್ಗದ ಜೀರುಗುಣಿಕೆ ಹಾಕಿ ಎಳೆಯಿರಿ, ಎಳೆದಷ್ಟೂ ಬಿಗಿಯುತ್ತದೆ. ಎಳೆತ ಒಂದು ತೂತಿನ ಮೇಲೆ ಬೀಳದೆ ಅಂಗೈಯಗಲಕ್ಕೆ ಹರಡುವುದರಿಂದ ಸೀಳುವುದಿಲ್ಲ. ಮೊನೆಗಲ್ಲು ಮಾತ್ರ ಬೇಡ.

ಸೈಕಲ್ ಟ್ಯೂಬನ್ನು ಒಂದಿಂಚು ಅಗಲದ ಬಳೆಗಳಾಗಿ ಕತ್ತರಿಸಿ, ಹಗ್ಗಕ್ಕೂ ಗೂಟಕ್ಕೂ ನಡುವೆ ಒಂದೊಂದು ಹಾಕಿ. ಗಾಳಿಯ ಹೊಡೆತವನ್ನು ರಬ್ಬರು ನುಂಗುತ್ತದೆ, ಹಗ್ಗ ಸಡಿಲಾದರೆ ತಾನೇ ಎಳೆದುಕೊಳ್ಳುತ್ತದೆ.

ಇನ್ನೊಂದು ಬಹಳ ಜನ ಮರೆಯುವುದು. ಮರದ ಕಾಂಡದ ಮೇಲೆ ಇಳಿದ ನೀರು ನಡುಹಗ್ಗ ಹಿಡಿದು ನೇರ ಟಾರ್ಪಾಲಿನ ಒಳಕ್ಕೆ ಬಂದು, ಹಗ್ಗ ಎಲ್ಲಿ ತುಸು ತಗ್ಗಿದೆಯೋ ಅಲ್ಲಿ ತೊಟ್ಟಿಕ್ಕುತ್ತದೆ. ಟಾರ್ಪಾಲು ತೂತಾಗಿದೆ ಅಂದುಕೊಂಡು ಜನ ರಾತ್ರಿಯೆಲ್ಲ ತೇಪೆ ಹುಡುಕುತ್ತಾರೆ. ಟಾರ್ಪಾಲಿನ ಅಂಚಿನಿಂದ ಗೇಣು ಆಚೆಗೆ, ಎರಡೂ ಕಡೆ, ಹಗ್ಗಕ್ಕೆ ಒಂದು ಬಟ್ಟೆಯ ಚಿಂದಿ ಬಿಗಿಯಾಗಿ ಕಟ್ಟಿ ಜೋತುಬಿಡಿ. ನೀರು ಚಿಂದಿ ಹಿಡಿದು ಅಲ್ಲೇ ನೆಲಕ್ಕಿಳಿಯುತ್ತದೆ.

ನೀರಿನ ಲೆಕ್ಕ

ಟಾರ್ಪಾಲು ಹರಡಿದ ಜಾಗ 8x15 ಅಡಿ, ಸುಮಾರು 11 ಚದರ ಮೀಟರ್. ರಾತ್ರಿ 100 ಮಿ.ಮೀ. ಮಳೆಯಾದರೆ ಅದರ ಮೇಲೆ 1,100 ಲೀಟರ್ ಬೀಳುತ್ತದೆ, ಮನೆಯ ತಾರಸಿಯ ದೊಡ್ಡ ಟ್ಯಾಂಕಿನಷ್ಟು. ಅರ್ಧ ಈ ಅಂಚಿನಿಂದ, ಅರ್ಧ ಆ ಅಂಚಿನಿಂದ. ನೆಲ ಟೆಂಟಿನತ್ತ ಇಳಿಜಾರಾಗಿದ್ದರೆ ಮೇಲುಗಡೆಯ ಅಂಚಿನಿಂದ ಬಿದ್ದ ನೀರೆಲ್ಲ ಹಾಸಿಗೆಯ ಕೆಳಗೆ. ಅಂಥ ಕಡೆ ಒಂದು ಮೂಲೆಯನ್ನು ಇನ್ನಷ್ಟು ತಗ್ಗಿಸಿ ನೀರನ್ನು ಆ ಒಂದೇ ಮೂಲೆಗೆ ತಿರುಗಿಸಿ. ಇಳಿಜಾರು ಕಡಿಮೆಯಾಗಿ ಟಾರ್ಪಾಲು ಹೊಟ್ಟೆ ಬಿಟ್ಟರೆ ಒಂದು ಚದರ ಮೀಟರಿನಲ್ಲಿ ಎರಡು ಇಂಚು ನೀರು ನಿಂತರೂ 50 ಕೆ.ಜಿ. ಭಾರ, ಗೂಟ ಕಿತ್ತು ಎಲ್ಲ ಮೈಮೇಲೆ.

ಟೆಂಟಿನ ಕೆಳಗೆ ಪ್ಲಾಸ್ಟಿಕ್ ಹಾಸುವುದಾದರೆ ಅದು ಟೆಂಟಿನ ತಳಕ್ಕಿಂತ ಸುತ್ತಲೂ ಎರಡು ಇಂಚು ಚಿಕ್ಕದಿರಲಿ. ಹೊರಗೆ ಇಣುಕಿದ ಅಂಚು ಮೊರದಂತೆ ನೀರು ಹಿಡಿದು ಟೆಂಟಿನ ಅಡಿಗೆ ತುಂಬುತ್ತದೆ.

ಟೆಂಟಿನ ಸ್ವಂತ ಹೊದಿಕೆ ಸೋರುತ್ತಿದ್ದರೆ

ಒದ್ದೆಯಾಗಿಯೇ ಮಡಿಚಿಟ್ಟ ಟೆಂಟಿನ ಒಳಮೈಯ, ನೀರು ತಡೆಯುವ ಪಿಯು (ಪಾಲಿಯುರೆಥೇನ್) ಲೇಪ ಅಂಟಂಟಾಗಿ, ಕಮಟು ವಾಸನೆ ಬಂದು, ಸಿಪ್ಪೆ ಏಳುತ್ತದೆ. ಆ ಸಿಪ್ಪೆಯ ಮೇಲೆ ಏನು ಬಳಿದರೂ ನಿಲ್ಲದು. ಹೊರಮೈಗೆ ಸಿಲಿಕೋನ್ ಬಳಿಯಿರಿ. 280 ಮಿ.ಲೀ. ಟ್ಯೂಬಿನ ಅಪ್ಪಟ ಸಿಲಿಕೋನ್ ಸೀಲೆಂಟ್ (ಅಕ್ರಿಲಿಕ್ ಅಲ್ಲ), ಪೇಂಟ್ ಅಂಗಡಿಯ ಮಿನರಲ್ ಟರ್ಪೆಂಟೈನ್. ಬಟ್ಟೆಗೆ ಒಂದಕ್ಕೆ ಐದು ಪಾಲು ಟರ್ಪೆಂಟೈನ್, ಹೊಲಿಗೆಗಳಿಗೆ ಒಂದಕ್ಕೆ ಮೂರು. ಲ್ಯಾಕರ್ ತೆಳುಮಾಡುವ ಎನ್‌ಸಿ ಥಿನ್ನರ್ ಬೇಡ, ಅದು ಉಳಿದ ಲೇಪವನ್ನೂ ತಿನ್ನಬಹುದು. ಎಲ್ಲವನ್ನೂ ಒಟ್ಟಿಗೆ ಸುರಿದರೆ ಸಿಲಿಕೋನ್ ಉಂಡೆಯಾಗಿಯೇ ಉಳಿಯುತ್ತದೆ. ರಾಗಿ ಹಿಟ್ಟು ಗಂಟಾಗದಂತೆ ಕದಡುವ ಹಾಗೆ, ಮೊದಲು ಸ್ವಲ್ಪವೇ ಹಾಕಿ ನುಣ್ಣಗೆ ಕಲಸಿ, ಆಮೇಲೆ ಉಳಿದದ್ದು. ಬಟ್ಟೆ ತೊಳೆದು ಪೂರ್ತಿ ಒಣಗಿರಬೇಕು. ಮೂಲೆಯಲ್ಲಿ ಅಂಗೈಯಗಲ ಬಳಿದು ಒಣಗಿಸಿ ನೋಡಿ, ಸರಿ ಬಂದರೆ ಉಳಿದದ್ದಕ್ಕೆ ತೆಳ್ಳಗೆ ಬಳಿದು, ಹೆಚ್ಚಾದದ್ದನ್ನು ಚಿಂದಿಯಿಂದ ಒರೆಸಿ, ಒಂದು ದಿನ ಹಗ್ಗದ ಮೇಲೆ ಬಿಡಿ. ಆಮೇಲೆ ಮುಖಕ್ಕೆ ಹಚ್ಚುವ ಪೌಡರು ಉದುರಿಸಿ ಮಡಿಚಿದರೆ ಪದರಗಳು ಅಂಟಿಕೊಳ್ಳುವುದಿಲ್ಲ. ಕೈಗವಸು ಹಾಕಿ, ಬಯಲಿನಲ್ಲಿ, ಬೆಂಕಿಯಿಂದ ದೂರ ಮಾಡುವ ಕೆಲಸ ಇದು. ಏಪ್ರಿಲ್, ಮೇ ಬಿಸಿಲಿನಲ್ಲೇ ಮುಗಿಸಿಕೊಳ್ಳಿ.

ಬೆಳಿಗ್ಗೆ ಒಳಮೈ ಮೇಲೆ ಸಣ್ಣ ಹನಿಗಳು ಒಂದೇ ಸಮ ಹರಡಿದ್ದರೆ ಅದು ಸೋರಿದ್ದಲ್ಲ, ಉಸಿರಿನ ತೇವ. ಒಂದೇ ಕಡೆ, ಹೊಲಿಗೆಯ ಉದ್ದಕ್ಕೆ ಒದ್ದೆ ಇದ್ದರೆ ಸೋರಿಕೆ. ಉಸಿರಿನ ತೇವಕ್ಕೆ ಮದ್ದು ಗಾಳಿ: ಟೆಂಟಿನ ಮೇಲಿನ ಜಾಲರಿ ಕಿಂಡಿ ತೆರೆದಿಡಿ, ಮೇಲೆ ಟಾರ್ಪಾಲು ಇರುವುದರಿಂದ ಮಳೆ ಬರುವುದಿಲ್ಲ. ಚಳಿಗೆಂದು ಟಾರ್ಪಾಲಿನ ಎರಡೂ ತುದಿ ಮುಚ್ಚಿ ಒಳಗೆ ಒಲೆ, ಕೆಂಡ ಇಡುವುದು ಮಾತ್ರ ಎಂದಿಗೂ ಬೇಡ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ.

ಹೊರಡುವ ವಾರ ಮುಂಚೆ ಅಂಗಳದಲ್ಲಿ ಎಲ್ಲ ಕಟ್ಟಿ, ಪೈಪಿನಿಂದ ಅರ್ಧ ಗಂಟೆ ನೀರು ಬಿಡಿ, ಮೇಲಿಂದಷ್ಟೇ ಅಲ್ಲ, ಪಕ್ಕದಿಂದಲೂ. ಒಳಗೆ ಹಳೆಯ ದಿನಪತ್ರಿಕೆ ಹಾಸಿಟ್ಟರೆ ಎಲ್ಲಿ ಹನಿ ಬಿತ್ತು ಅನ್ನುವುದು ಕಲೆಯಾಗಿ ಕಾಣುತ್ತದೆ.