ಕಾಸರಗೋಡಿಂದ ಹೊರಟು 1837ರ ಮತ್ತು 1941ರ ಹೋರಾಟದ ಜಾಗ ನೋಡ್ಲಿಕ್ಕೆ ಹೀಗೆ ಹೋಗಿ

ನಮ್ಮ ಕಡೆಗೆ ನೆಂಟರು ಬಂದ್ರೆ ಬೇಕಲ ಕೋಟೆ ತೋರಿಸಿ ಮಧೂರು ದೇವಸ್ಥಾನಕ್ಕೆ ಕರ್ಕೊಂಡು ಹೋದ್ರೆ ಅಲ್ಲಿಗೆ ಮುಗೀತು. ಬೇಕಲ ಚಂದವೇ, ಇಲ್ಲ ಅನ್ನುದಿಲ್ಲ. ಆದ್ರೆ ಬ್ರಿಟಿಷರ ಕಾಲದಲ್ಲಿ ನಮ್ಮ ಊರಿನ ರೈತರೇ ಎದ್ದು ನಿಂತ ಜಾಗ ನೋಡ್ಬೇಕಾದ್ರೆ ಎರಡು ದಿಕ್ಕಿಗೆ ಹೋಗ್ಬೇಕು, ಪೂರ್ವಕ್ಕೆ ಸುಳ್ಯ, ದಕ್ಷಿಣಕ್ಕೆ ಕಯ್ಯೂರು. ಎರಡನ್ನೂ ಒಂದೇ ದಿನಕ್ಕೆ ತುರುಕ್ಲಿಕ್ಕೆ ಹೋಗ್ಬೇಡಿ, ಬಸ್ಸಲ್ಲಿ ಕೂತು ಸೊಂಟ ನೋವು ಬರುದು ಬಿಟ್ರೆ ಬೇರೆ ಎಂತದೂ ಸಿಗುದಿಲ್ಲ.

ಇನ್ನೊಂದು ಮೊದಲೇ ಹೇಳ್ತೇನೆ. ಇದು ಶ್ರೀರಂಗಪಟ್ಟಣದ ಹಾಗೆ ಗೈಡು, ಮ್ಯೂಸಿಯಂ, ಕುದುರೆಗಾಡಿ ಇರುವ ಜಾಗ ಅಲ್ಲ. ಕತೆ ಗೊತ್ತಿಲ್ಲದೆ ಹೋದ್ರೆ ಒಂದು ಹಳೆ ಕಟ್ಟಡ, ಒಂದು ಗುಡ್ಡ, ಒಂದು ಹೊಳೆ ಅಷ್ಟೇ ಕಾಣುದು. ಹೊರಡುವ ಮೊದಲು ನಿರಂಜನರನ್ನು ಓದಿ. ಕಯ್ಯೂರಿನ ಬಗ್ಗೆ ಚಿರಸ್ಮರಣೆ ಬರೆದವರು ಅವರೇ, 1837ರ ಕಲ್ಯಾಣಸ್ವಾಮಿ ಬಗ್ಗೆ ಕಾದಂಬರಿ ಬರೆದವರೂ ಅವರೇ. ಹುಟ್ಟೂರು ಸುಬ್ರಹ್ಮಣ್ಯದ ಹತ್ರ ಕುಳಕುಂದ, ಓದಿದ್ದು ನೀಲೇಶ್ವರದಲ್ಲಿ, ಹಾಗಾಗಿ ಈ ಎರಡೂ ದಿಕ್ಕು ಅವರಿಗೆ ಮನೆಯಂಗಳವೇ.

ಮೊದಲ ದಿನ ಸುಳ್ಯ ಕಡೆ. ಚೆರ್ಕಳ, ಮುಳ್ಳೇರಿಯ, ಜಾಲ್ಸೂರು ಆಗಿ ಬಸ್ಸುಂಟು, ಬೆಳಿಗ್ಗೆ ಬೇಗ ಹೊರಡಿ. 1834ರಲ್ಲಿ ಬ್ರಿಟಿಷರು ಕೊಡಗಿನ ಚಿಕ್ಕವೀರರಾಜನನ್ನು ಇಳಿಸಿ, ಅವನ ಕೈಲಿದ್ದ ಅಮರ ಸುಳ್ಯ, ಪುತ್ತೂರು ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿದ್ರು. ಅಲ್ಲಿವರೆಗೆ ಕಂದಾಯ ಅಂದ್ರೆ ಬೆಳೆದದ್ದರಲ್ಲಿ ಒಂದು ಪಾಲು, ಆಮೇಲೆ ದುಡ್ಡಲ್ಲೇ ಕೊಡ್ಬೇಕು ಅಂತಾಯ್ತು. ಗದ್ದೆಯಲ್ಲಿ ಭತ್ತ ಉಂಟು, ಕೈಯಲ್ಲಿ ದುಡ್ಡಿಲ್ಲ, ಸಾಲಕ್ಕೆ ಸಾಹುಕಾರನ ಬಾಗಿಲಿಗೇ ಹೋಗ್ಬೇಕು. ಮೇಲಿಂದ ಉಪ್ಪು, ಹೊಗೆಸೊಪ್ಪಿನ ವ್ಯಾಪಾರವೂ ಸರಕಾರದ ಕೈಗೆ. ದಂಗೆಗೆ ಇದಕ್ಕಿಂತ ಹೆಚ್ಚು ಎಂತ ಕಾರಣ ಬೇಕು ಮಾರಾಯ್ರೆ.

ಕೆದಂಬಾಡಿ ರಾಮಯ್ಯ ಗೌಡರು ಮುಂದೆ ನಿಂತು, ಪುಟ್ಟಬಸಪ್ಪನನ್ನು ಕೊಡಗಿನ ರಾಜವಂಶದ ಕಲ್ಯಾಣಸ್ವಾಮಿ ಅಂತ ಮುಂದಿಟ್ಟುಕೊಂಡು 1837ರ ಮಾರ್ಚ್ ಕೊನೆಗೆ ಜನ ಹೊರಟದ್ದು, ಮೊದಲು ಕೈಹಾಕಿದ್ದು ಬೆಳ್ಳಾರೆಯ ಖಜಾನೆಗೆ. ಹಾಗಾಗಿ ನೀವೂ ಸುಳ್ಯದಲ್ಲಿ ಇಳಿದು ಚಾ ಕುಡಿದು ಬೆಳ್ಳಾರೆ ಬಸ್ಸು ಹತ್ತಿ. ಪೇಟೆಯಲ್ಲಿ ಬಂಗ್ಲೆಗುಡ್ಡೆ ಅಂತ ಕೇಳಿ, ಖಜಾನೆ ಇದ್ದದ್ದು ಅಲ್ಲೇ. ಅಲ್ಲಿ ಸುಮ್ಮನೆ ಸೆಲ್ಫಿ ತೆಗೆದು ಇಳಿಬೇಡಿ, ಸ್ವಲ್ಪ ಹೊತ್ತು ಕೂತು ಯೋಚನೆ ಮಾಡಿ, ಈ ಗುಡ್ಡದ ಮೇಲೆ ಬಂದು ಬೀಳ್ತಿದ್ದದ್ದು ಸುತ್ತಿನ ಊರಿನವರು ಬೆಳೆ ಮಾರಿ ಹೊಂದಿಸಿದ ನಾಣ್ಯ.

ಅಲ್ಲಿಂದ ಪುತ್ತೂರು, ಬಂಟ್ವಾಳ ಆಗಿ ಮಂಗಳೂರಿಗೆ ಹೋಗಿ, ದಂಗೆಯವರು ಹೋದ ದಿಕ್ಕೂ ಅದೇ. ಏಪ್ರಿಲ್ 5ಕ್ಕೆ ಮಂಗಳೂರು ಅವರ ಕೈಗೆ ಬಂತು, ಬಾವುಟಗುಡ್ಡೆಯಲ್ಲಿ ಬಾವುಟ ಏರಿಸಿದ್ರು, ಎರಡು ವಾರ ತುಂಬುವ ಮೊದಲೇ ಹೊರಗಿಂದ ಸೈನ್ಯ ಬಂದು ಎಲ್ಲ ಮುಗೀತು. ಈಗ ಗುಡ್ಡೆಯ ಮೇಲೆ ರಾಮಯ್ಯ ಗೌಡರ ಪ್ರತಿಮೆ ಉಂಟು, 2022ರಲ್ಲಿ ಇಟ್ಟದ್ದು. ಹತ್ತಿ ನಿಂತ್ರೆ ಕಡಲಿನ ಕಡೆ ನೋಡ್ಬಹುದು, ಸಂಜೆ ಹೊತ್ತು ಒಳ್ಳೇದು. ಟೈಮ್ ಇದ್ರೆ ಬಿಕರ್ನಕಟ್ಟೆಗೂ ಹೋಗಿ, ಪುಟ್ಟಬಸಪ್ಪ, ದಂಗೆಗೆ ಸೇರಿದ್ದ ಲಕ್ಷ್ಮಪ್ಪ ಬಂಗರಸರನ್ನೆಲ್ಲ ಗಲ್ಲಿಗೆ ಹಾಕಿದ್ದು ಅಲ್ಲಿ. ಈಗ ಅಲ್ಲಿ ಇಳಿಯುವವರು ಹೆಚ್ಚಿನವರು ಬಾಲಯೇಸುವಿನ ಹರಕೆಗೆ ಬಂದವರು, ಅವರ ಹತ್ರ 1837 ಕೇಳಿದ್ರೆ ನಿಮ್ಮ ಮುಖ ನೋಡ್ತಾರೆ. ವಾಪಸ್ ಬರುವಾಗ ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ, ಗಿಳಿವಿಂಡು ಅಂತ ಹೇಳಿದ್ರೆ ತೋರಿಸ್ತಾರೆ. ಯುದ್ಧ ಗಿದ್ಧ ಎಂತದೂ ಇಲ್ಲ ಅಲ್ಲಿ, ಆದ್ರೂ ರಾಷ್ಟ್ರಕವಿಯ ಮನೆ ದಾರಿಯಲ್ಲೇ ಇರುವಾಗ ಬಿಟ್ಟು ಬರುದು ಸರಿಯಲ್ಲ.

ಎರಡನೇ ದಿನ ಕಯ್ಯೂರು. ಟ್ರೈನಲ್ಲಿ ಚೆರುವತ್ತೂರಿಗೆ ಹೋಗಿ, ಅಲ್ಲಿಂದ ಒಳಗೆ ಬಸ್ಸು ಅಥವಾ ಆಟೋ. ಬೋರ್ಡೆಲ್ಲ ಮಲಯಾಳದಲ್ಲೇ, ಹುತಾತ್ಮರ ಸ್ಮಾರಕ ಅಂತ ಕೇಳ್ಬೇಡಿ, ರಕ್ತಸಾಕ್ಷಿ ಸ್ತೂಪ ಎಲ್ಲಿ ಅಂತ ಕೇಳಿ. ಮಠತ್ತಿಲ್ ಅಪ್ಪು, ಚಿರುಕಂಡನ್, ಕುಞಂಬು ನಾಯರ್, ಅಬೂಬಕ್ಕರ್, ಗಲ್ಲಿಗೇರಿದ ಈ ನಾಲ್ವರ ಹೆಸರು ಬಾಯಲ್ಲಿ ಇಟ್ಕೊಂಡೇ ಹೋಗಿ. ಆಮೇಲೆ ತೇಜಸ್ವಿನಿ ಹೊಳೆಯ ದಡಕ್ಕೆ ಇಳಿರಿ, ಅದನ್ನು ನೋಡದಿದ್ರೆ ಕತೆ ಅರ್ಧವೇ. 1941ರ ಮಾರ್ಚ್ 28ಕ್ಕೆ ರೈತರು ಪೊಲೀಸರ ಹೊಡೆತದ ವಿರುದ್ಧ ಮೆರವಣಿಗೆ ಹೊರಟಾಗ ಸುಬ್ಬರಾಯನ್ ಅನ್ನುವ ಪೊಲೀಸ್ ಎದುರಿಗೆ ಸಿಕ್ಕಿದ, ಅವನ ಕೈಗೇ ಕೆಂಬಾವುಟ ಕೊಟ್ಟು ಮುಂದೆ ನಡೆಸಿದ್ರು, ಅವನು ತಪ್ಪಿಸ್ಕೊಳ್ಲಿಕ್ಕೆ ಹೊಳೆಗೆ ಹಾರಿ ಸತ್ತ. ಒಂದು ಸಾವಿಗೆ ನಾಲ್ಕು ಗಲ್ಲು. ಸತ್ತ ಪೊಲೀಸನೂ ಯಾರದ್ದೋ ಮಗನೇ, ಆ ದಡದಲ್ಲಿ ನಿಂತಾಗ ನನಗೆ ಅದೂ ನೆನಪಾಗ್ತದೆ. ಆಗ ಇದೆಲ್ಲ ದಕ್ಷಿಣ ಕನ್ನಡ ಜಿಲ್ಲೆ, ಹಾಗಾಗಿ ಕೇಸು ನಡೆದದ್ದು ಮಂಗಳೂರಲ್ಲಿ, ಗಲ್ಲು ಕಣ್ಣೂರು ಜೈಲಲ್ಲಿ 1943ರ ಮಾರ್ಚ್ 29ಕ್ಕೆ. ಐದನೆಯವನಿಗೆ ಪ್ರಾಯ ಸಾಲದು ಅಂತ ಗಲ್ಲು ತಪ್ಪಿತು.

ಮಾರ್ಚ್ ಕೊನೆಗೆ ಅಲ್ಲಿ ಕಮ್ಯುನಿಸ್ಟ್ ಪಾರ್ಟಿಯವರ ಕಾರ್ಯಕ್ರಮ, ಜನಸಾಗರ. ನಿಧಾನ ನೋಡ್ಬೇಕಾದ್ರೆ ಡಿಸೆಂಬರ್, ಜನವರಿಗೆ ಹೋಗಿ. ಮಳೆಗಾಲದಲ್ಲಿ ದಡ ಜಾರ್ತದೆ, ಮಕ್ಕಳನ್ನು ಇಳಿಸ್ಬೇಡಿ.

ಮಧ್ಯಾಹ್ನ ಊಟ ಆದ್ಮೇಲೂ ಶಕ್ತಿ ಉಳಿದಿದ್ರೆ ಪಯ್ಯನ್ನೂರು ಹತ್ರವೇ, ಜಿಲ್ಲೆ ದಾಟಿದ ಕೂಡ್ಲೇ. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಕಾಂಗ್ರೆಸ್ಸಿನ ಕೇಳಪ್ಪನ್ ಕೋಝಿಕ್ಕೋಡಿಂದ ನಡೆದು ಬಂದು ಉಪ್ಪು ಮಾಡಿದ ಉಳಿಯತ್ತು ಕಡವು ಅಲ್ಲುಂಟು. ನಾರಾಯಣ ಗುರುಗಳ ಶಿಷ್ಯ ಸ್ವಾಮಿ ಆನಂದತೀರ್ಥರ ಶ್ರೀನಾರಾಯಣ ವಿದ್ಯಾಲಯದಲ್ಲಿ 1934ರಲ್ಲಿ ಗಾಂಧೀಜಿ ನೆಟ್ಟ ಮಾವಿನ ಮರವೂ ಉಂಟು, ಒಳಗೆ ಹೋಗುವ ಮೊದಲು ಅಲ್ಲಿದ್ದವರನ್ನು ಕೇಳಿ. ವಾಪಸ್ಸಿಗೆ ಪಯ್ಯನ್ನೂರು ಸ್ಟೇಷನಿಂದ ಸೀದಾ ಟ್ರೈನ್, ಆದ್ರೆ ಎಲ್ಲ ಟ್ರೈನೂ ಮಂಜೇಶ್ವರ, ಕುಂಬಳೆಯಲ್ಲಿ ನಿಲ್ಲುದಿಲ್ಲ, ಆ ಕಡೆಯವರು ಟಿಕೆಟ್ ತೆಗೆಯುವ ಮೊದಲು ನೋಡ್ಕೊಳ್ಳಿ.