ವೈ-ಫೈ ಗದ್ದಲದಲ್ಲೂ ಜಿಗ್‌ಬೀ ಸೆನ್ಸರ್‌ಗಳು ಕೈಕೊಡದಂತೆ ಮಾಡುವುದು

ಜಿಗ್‌ಬೀ ಎಂದರೆ ಸ್ಮಾರ್ಟ್ ಸಾಧನಗಳು ಕಡಿಮೆ ಪವರ್‌ನಲ್ಲಿ ಮಾತಾಡಿಕೊಳ್ಳುವ ರೇಡಿಯೊ ಜಾಲ; ವೈ-ಫೈನಂತೆ ಇದೂ 2.4 ಗಿಗಾಹರ್ಟ್ಸ್‌ನಲ್ಲೇ ಓಡುತ್ತದೆ. ಇದರ ಸೆನ್ಸರ್ ಪದೇ ಪದೇ ಸಂಪರ್ಕ ಕಳೆದುಕೊಂಡರೆ ಹೆಚ್ಚಿನವರು ಮೊದಲು ಪವರ್ ಏರಿಸುತ್ತಾರೆ. ಅದು ಕೊನೆಯ ಉಪಾಯವಾಗಿರಲಿ. ಮೊದಲು ಆರ್‌ಎಸ್‌ಎಸ್‌ಐ, ಅಂದರೆ ಬಂದ ಸಿಗ್ನಲ್‌ನ ಬಲ ನೋಡಿ. ಬರುತ್ತಿರುವ ಪ್ಯಾಕೆಟ್‌ಗಳದ್ದು (ಮಾಹಿತಿಯ ತುಣುಕುಗಳದ್ದು) ಮೈನಸ್ 90 ಡಿಬಿಎಂ ಆಸುಪಾಸಿನಲ್ಲಿದ್ದರೆ ತೊಂದರೆ ದೂರದ್ದು, ಇಲ್ಲವೇ ಗೋಡೆಯದ್ದು. ಮೈನಸ್ 60ರಷ್ಟು ಚೆನ್ನಾಗಿದ್ದೂ ಪ್ಯಾಕೆಟ್‌ಗಳು ಕಳೆದುಹೋಗುತ್ತಿದ್ದರೆ ಬೇರೆ ರೇಡಿಯೊದ ಹಾವಳಿ ಎಂದು ಅನುಮಾನಿಸಿ.

ಜಿಗ್‌ಬೀ ಚಾನೆಲ್‌ಗಳು 11ರಿಂದ 26ರವರೆಗೆ. 11ನೆಯದು 2405 ಮೆಗಾಹರ್ಟ್ಸ್‌ನಲ್ಲಿದೆ, ಮುಂದಿನದು ಒಂದೊಂದೂ 5 ಮೆಗಾಹರ್ಟ್ಸ್ ಮೇಲಕ್ಕೆ. ವೈ-ಫೈನ 1, 6, 11ನೆಯ ಚಾನೆಲ್‌ಗಳು 2412, 2437, 2462ರ ಸುತ್ತ ಸುಮಾರು 20 ಮೆಗಾಹರ್ಟ್ಸ್ ಅಗಲಕ್ಕೆ ಹರಡಿಕೊಂಡಿರುತ್ತವೆ. ಹಾಗಾಗಿ ಜಿಗ್‌ಬೀಗೆ ಉಳಿಯುವ ಸಂದಿಗಳು 15, 20, 25 ಮತ್ತು 26. ನಂಬರ್ ನೋಡಿ ಮೋಸಹೋಗಬೇಡಿ: ಜಿಗ್‌ಬೀಯ 11 ಕೂತಿರುವುದು ವೈ-ಫೈನ 1ರ ಮೇಲೆ. 26ರಲ್ಲಿ ಕೆಲವು ಸಾಧನಗಳು ಕಡಿಮೆ ಪವರ್‌ನಲ್ಲಿ ಮಾತ್ರ ಕಳಿಸುತ್ತವೆ, ಕೆಲವು ಸೇರುವುದೇ ಇಲ್ಲ. 25 ಹೆಚ್ಚು ನೆಮ್ಮದಿ. ವೈ-ಫೈ ರೂಟರ್‌ನಲ್ಲಿ 2.4 ಗಿಗಾಹರ್ಟ್ಸ್‌ನ ಅಗಲವನ್ನು 20ಕ್ಕೆ ಕಟ್ಟಿಹಾಕಿ, ಚಾನೆಲ್‌ನ 'ಆಟೊ' ತೆಗೆಯಿರಿ. ಅಗಲ 40 ಆದರೆ ಈ ಸಂದಿಗಳಲ್ಲಿ ಕೆಲವು ಮುಚ್ಚಿಹೋಗುತ್ತವೆ.

ಎನರ್ಜಿ ಸ್ಕ್ಯಾನ್ (ಯಾವ ಚಾನೆಲ್‌ನಲ್ಲಿ ಎಷ್ಟು ಗದ್ದಲವಿದೆ ಎಂಬ ಅಳತೆ) ಮಾಡುವಾಗ ಎಲ್ಲರೂ ವೈ-ಫೈ ಬಳಸುತ್ತಿರುವ ಹೊತ್ತನ್ನೂ ಬಿಡಬೇಡಿ. ಯಾರೂ ಇಲ್ಲದಾಗ ಎಲ್ಲ ಚಾನೆಲ್‌ಗಳೂ ಖಾಲಿಯಾಗಿಯೇ ಕಾಣುತ್ತವೆ. ಚಾನೆಲ್ ಆಯ್ಕೆಯನ್ನು ಸಾಧನಗಳನ್ನು ಜೋಡಿಸುವ ಮೊದಲೇ ಮುಗಿಸಿ. ಆಮೇಲೆ ಬದಲಿಸಿದರೆ ನಿದ್ದೆಯಲ್ಲಿರುವ ಬ್ಯಾಟರಿ ಸೆನ್ಸರ್‌ಗಳಲ್ಲಿ ಕೆಲವನ್ನು ಮತ್ತೆ ಕೈಯಾರೆ ಸೇರಿಸಬೇಕಾದೀತು.

ಜಿಗ್‌ಬೀ ಜಾಲ ನಡೆಸುವ ಯುಎಸ್‌ಬಿ ಡಾಂಗಲ್ (ಕಂಪ್ಯೂಟರ್‌ಗೆ ಚುಚ್ಚುವ ಪುಟ್ಟ ರೇಡಿಯೊ) ಇದ್ದರೆ ಅದನ್ನು ಯುಎಸ್‌ಬಿ 3 ಪೋರ್ಟ್‌ಗೆ ನೇರವಾಗಿ ಚುಚ್ಚಬೇಡಿ. ಆ ಪೋರ್ಟ್, ಅದಕ್ಕೆ ಹಾಕಿದ ಹಾರ್ಡ್ ಡಿಸ್ಕ್, ಕೇಬಲ್ ಎಲ್ಲವೂ 2.4 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಎಬ್ಬಿಸುತ್ತವೆ. ಒಂದೆರಡು ಮೀಟರ್‌ನ ಯುಎಸ್‌ಬಿ 2 ಎಕ್ಸ್‌ಟೆನ್ಶನ್ ಹಾಕಿ ಡಾಂಗಲನ್ನು ದೂರ ಒಯ್ಯಿರಿ. ಇಷ್ಟರಿಂದಲೇ ಎಷ್ಟೋ 'ಕೆಟ್ಟ' ಜಾಲಗಳು ಸರಿಹೋಗುತ್ತವೆ.

ಸೆನ್ಸರ್‌ನ ಫರ್ಮ್‌ವೇರ್ (ಅದರೊಳಗೆ ಓಡುವ ಪ್ರೋಗ್ರಾಂ) ನಿಮ್ಮದೇ ಆದರೆ ಮರುಪ್ರಯತ್ನದ ಲೆಕ್ಕ ಗಮನಿಸಿ. ರೇಡಿಯೊದಲ್ಲಿ ಕಳಿಸುವುದನ್ನು ನೋಡಿಕೊಳ್ಳುವ ಮ್ಯಾಕ್ ಪದರ, ಉತ್ತರ ಬರದಿದ್ದರೆ ತಾನಾಗಿ ಮೂರು ಸಲ ಮತ್ತೆ ಕಳಿಸುತ್ತದೆ. ಆದರೆ 40 ಬೈಟ್‌ನ ಫ್ರೇಮ್ (ರೇಡಿಯೊದಲ್ಲಿ ಹೋಗುವ ಒಂದು ಪ್ಯಾಕೆಟ್) ಗಾಳಿಯಲ್ಲಿರುವುದೇ 1.3 ಮಿಲಿಸೆಕೆಂಡ್, ನಾಲ್ಕೂ ಯತ್ನಗಳು ಸೇರಿ ಸುಮಾರು 10-15 ಮಿಲಿಸೆಕೆಂಡಿನಲ್ಲಿ ಮುಗಿದುಬಿಡುತ್ತವೆ. ವೈ-ಫೈನಲ್ಲಿ ದೊಡ್ಡ ಫೈಲ್ ಇಳಿಯುತ್ತಿದ್ದರೆ ನಾಲ್ಕೂ ಒಂದೇ ಅಬ್ಬರಕ್ಕೆ ಸಿಕ್ಕಿ ಹಾಳಾಗುತ್ತವೆ. ಆದ್ದರಿಂದ ಅಪ್ಲಿಕೇಶನ್ ಮಟ್ಟದಲ್ಲಿ 100ರಿಂದ 500 ಮಿಲಿಸೆಕೆಂಡಿನ ನಡುವೆ ಯಾದೃಚ್ಛಿಕ ಅಂತರ ಬಿಟ್ಟು ಮತ್ತೆ ಯತ್ನಿಸಿ. ಮೂರು ಸಲ ಸಾಕು. ಆಮೇಲೂ ಹೋಗದಿದ್ದರೆ ರೀಡಿಂಗನ್ನು ಮೆಮೊರಿಯಲ್ಲಿಟ್ಟು ಮುಂದಿನದರ ಜೊತೆ ಕಳಿಸಿ, ಇಲ್ಲವಾದರೆ ಬ್ಯಾಟರಿ ಬೇಗ ಬರಿದಾಗುತ್ತದೆ.

ಪ್ರತಿ ಸೆನ್ಸರ್‌ಗೂ ಕೈಗೆಟಕುವಂತೆ ಎರಡು ಜಿಗ್‌ಬೀ ರೂಟರ್‌ಗಳಿರಲಿ (ಬೇರೆಯವರ ಪ್ಯಾಕೆಟ್‌ಗಳನ್ನು ಮುಂದೆ ದಾಟಿಸುವ ಸಾಧನಗಳು, ವೈ-ಫೈ ರೂಟರ್ ಅಲ್ಲ), ಎರಡೂ ಸದಾ ಕರೆಂಟಿನಲ್ಲಿರಲಿ. ಗೋಡೆಯ ಸ್ವಿಚ್‌ನಲ್ಲಿ ಆರಿಸುವ ಸ್ಮಾರ್ಟ್ ಬಲ್ಬನ್ನು ರೂಟರ್ ಎಂದು ನೆಚ್ಚಿಕೊಳ್ಳಬೇಡಿ.

ಕೊನೆಗೆ, ಪ್ಯಾಕೆಟ್‌ಗಳಿಗೆ ಕ್ರಮಸಂಖ್ಯೆ ಹಾಕಿ 24 ಗಂಟೆ ಓಡಿಸಿ, ಯಾವ ಹೊತ್ತಿನಲ್ಲಿ ಎಷ್ಟು ತಪ್ಪಿದವು ಎಂದು ಎಣಿಸಿ. ಜೊತೆಗೆ ಎರಡು ಕೌಂಟರ್‌ಗಳನ್ನು ಬೇರೆಬೇರೆಯಾಗಿ ಇಡಿ. 'ಚಾನೆಲ್ ಆಕ್ಸೆಸ್ ಫೇಲ್ಯೂರ್' (ಚಾನೆಲ್ ಖಾಲಿ ಸಿಗದೆ ಕಳಿಸಲಾಗದ್ದು) ಏರಿದರೆ ಗದ್ದಲ ಕಳಿಸುವವನ ಬಳಿ ಇದೆ. ಅದು ಏರದೆ 'ನೋ ಆಕ್' (ಕಳಿಸಿದರೂ 'ತಲುಪಿತು' ಎಂಬ ಉತ್ತರ ಬಾರದ್ದು) ಮಾತ್ರ ಏರಿದರೆ ಕಳಿಸುವವನಿಗೆ ಕೇಳಿಸದ ಗದ್ದಲ ಬಹುಶಃ ಪಡೆಯುವವನ ಪಕ್ಕದಲ್ಲಿದೆ. ಸೆನ್ಸರನ್ನು ಬಿಟ್ಟು ಆ ಕಡೆಯ ಆಂಟೆನಾ ಸರಿಸಿ ನೋಡಿ.