ಕುಬ್ಜ ಮಿಡತೆಗಳ ಹೊಸ ಕುಲವೊಂದನ್ನು ವಿವರಿಸಿದ ಬಗೆ

ಕುಬ್ಜ ಮಿಡತೆಗಳು ಟೆಟ್ರಿಜಿಡೆ ಎಂಬ ಕುಟುಂಬಕ್ಕೆ ಸೇರಿದವು. ಜಗತ್ತಿನಾದ್ಯಂತ ಈ ಕುಟುಂಬದ 2000ದಷ್ಟು ಪ್ರಭೇದಗಳು ದಾಖಲಾಗಿದ್ದರೂ, ಇವು ಬೆಳೆಗೆ ಹಾನಿ ಮಾಡದೆ ಪಾಚಿ, ಹಾವಸೆ ಮತ್ತು ಕೊಳೆತ ಎಲೆಯನ್ನು ತಿಂದು ಬದುಕುವುದರಿಂದ ನಮ್ಮ ಕೀಟಶಾಸ್ತ್ರಜ್ಞರ ಗಮನ ಇವುಗಳ ಮೇಲೆ ಬಿದ್ದದ್ದು ಕಡಿಮೆ. ಬೆನ್ನಿನ ಮೇಲಿನ ಪ್ರೊನೋಟಮ್ ಎಂಬ ಗಟ್ಟಿ ಕವಚ ಹೊಟ್ಟೆಯ ಮೇಲೆಲ್ಲ ಹಿಂದಕ್ಕೆ ಚಾಚಿರುವುದು, ಕಾಲಿನ ಉಗುರುಗಳ ನಡುವೆ ಮೆತ್ತೆ ಇಲ್ಲದಿರುವುದು, ಮುಂದಿನ ಎರಡು ಜೊತೆ ಪಾದಗಳಲ್ಲಿ ಎರಡೆರಡು ಮತ್ತು ಹಿಂದಿನ ಜೊತೆಯಲ್ಲಿ ಮೂರು ಗೆಣ್ಣುಗಳಿರುವುದು, ಇಷ್ಟನ್ನು ನೋಡಿದರೆ ಕುಟುಂಬವನ್ನು ಗುರುತಿಸುವುದು ಸುಲಭ. ಅದರಿಂದ ಮುಂದಿನ ದಾರಿ ಮಾತ್ರ ಅಷ್ಟು ಸಲೀಸಲ್ಲ.

ನಾನು ವಿವರಿಸಿದ ಕೀಟ ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಕಾಡಿನ ತರಗೆಲೆಯ ನಡುವೆ ದೊರೆತದ್ದು. ಅದರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ವಿವರಣೆ ಪ್ರಕಟವಾಗುವ ಮೊದಲೇ ಅಚ್ಚಾದ ಹೆಸರಿಗೆ ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ಸಂಹಿತೆಯಲ್ಲಿ ಮಾನ್ಯತೆ ಇಲ್ಲ. ಆದರೂ ಅಂಥ ಹೆಸರು ಒಮ್ಮೆ ಬಳಕೆಗೆ ಬಂದರೆ ಮುಂದಿನವರಿಗೆ ತಲೆನೋವಾಗಿ ಉಳಿಯುತ್ತದೆ.

ಹೊಸ ಪ್ರಭೇದ ಎನ್ನುವುದಕ್ಕೂ ಹೊಸ ಕುಲ ಎನ್ನುವುದಕ್ಕೂ ಬಹಳ ಅಂತರವಿದೆ. ಪ್ರಭೇದವನ್ನು ಅದರ ಹತ್ತಿರದ ನೆಂಟರೊಡನೆ ಹೋಲಿಸಿದರೆ ಬಹುಮಟ್ಟಿಗೆ ಸಾಕಾಗುತ್ತದೆ. ಕುಲವನ್ನು ಸ್ಥಾಪಿಸುವವರು ಮಾತ್ರ ಸುತ್ತಲಿನ ಪ್ರತಿಯೊಂದು ಕುಲದ ಮಾದರಿ ಪ್ರಭೇದವನ್ನೂ ನೋಡಿ, ತಮ್ಮ ಕೀಟ ಅವುಗಳಲ್ಲಿ ಯಾವುದರೊಳಗೂ ಏಕೆ ಸೇರದು ಎಂಬುದನ್ನು ತೋರಿಸಬೇಕು. ಮಾದರಿ ಪ್ರಭೇದವನ್ನೇ ನೋಡಬೇಕೆಂದು ನಾನು ಹಟ ಹಿಡಿದದ್ದಕ್ಕೆ ಕಾರಣವಿದೆ: ಹಳೆಯ ಕುಲಗಳಿಗೆ ಕಾಲಕಾಲಕ್ಕೆ ಯಾರ್‍ಯಾರೋ ಸೇರಿಸಿದ ಪ್ರಭೇದಗಳು ಅಲ್ಲಿ ಸಲ್ಲುವವೇ ಆಗಿರಬೇಕೆಂದಿಲ್ಲ, ಆದರೆ ಕುಲದ ಹೆಸರು ಅಂಟಿಕೊಂಡಿರುವುದು ಆ ಒಂದು ಪ್ರಭೇದಕ್ಕೆ ಮಾತ್ರ. ದಕ್ಷಿಣ ಭಾರತದ ಕುಬ್ಜ ಮಿಡತೆಗಳ ಮಟ್ಟಿಗೆ ಈ ಕೆಲಸ ಇಗ್ನಾಸಿಯೊ ಬೊಲಿವಾರ್ ಅವರ ಬರಹಗಳಿಗೆ ನಮ್ಮನ್ನು ಕರೆದೊಯ್ಯುತ್ತದೆ. ಸ್ಪೇನಿನ ಈ ವಿದ್ವಾಂಸರು 1887ರಲ್ಲಿ ಇಡೀ ಗುಂಪಿನ ಮೇಲೆ ಫ್ರೆಂಚಿನಲ್ಲಿ ಪ್ರಬಂಧ ಬರೆದರು. ಮುಂದೆ ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ಸ್ ಕಾಲೇಜಿನ ಸಂಗ್ರಹವನ್ನೂ ಅಧ್ಯಯನ ಮಾಡಿದರು. ಆ ಕಾಲದ ವಿವರಣೆಗಳು ಒಂದೆರಡು ಸಾಲಿನ ಲ್ಯಾಟಿನ್ನಿನಲ್ಲಿ ಮುಗಿದುಹೋಗುವುದೂ ಉಂಟು. ಹೀಗಾಗಿ ಯುರೋಪಿನ ಸಂಗ್ರಹಾಲಯಗಳಲ್ಲಿರುವ ಮೂಲ ಮಾದರಿಗಳ ಛಾಯಾಚಿತ್ರಗಳನ್ನು ಆರ್ಥಾಪ್ಟೆರಾ ಸ್ಪೀಶೀಸ್ ಫೈಲ್ ಎಂಬ ದತ್ತಾಂಶಕೋಶದಲ್ಲಿ ಹುಡುಕಿ ನೋಡುವುದು ಅನಿವಾರ್ಯವಾಯಿತು.

ಯಾವ ಲಕ್ಷಣವನ್ನು ನಂಬಬೇಕು ಎಂಬ ಪ್ರಶ್ನೆಗೇ ನನ್ನ ಹೆಚ್ಚಿನ ಸಮಯ ಹೋಯಿತು. ಬಣ್ಣವನ್ನು ಮೊದಲೇ ಬದಿಗಿಟ್ಟೆ, ಏಕೆಂದರೆ ಒಂದೇ ಪ್ರಭೇದದಲ್ಲಿ ಕಂದು, ಬೂದು, ಕಪ್ಪು, ಬಿಳಿ ಪಟ್ಟೆಯವು ಎಲ್ಲವೂ ಇರುವುದು ಈ ಕುಟುಂಬದಲ್ಲಿ ಸಾಮಾನ್ಯ. ರೆಕ್ಕೆಯ ಉದ್ದ ಮತ್ತು ಪ್ರೊನೋಟಮ್‌ನ ಉದ್ದ ಎರಡೂ ಜೊತೆಜೊತೆಗೆ ಏರಿಳಿಯುತ್ತವೆ. ಒಂದೇ ಪ್ರಭೇದದಲ್ಲಿ ಉದ್ದ ಕವಚದ ಹಾರುವ ರೂಪವೂ ಗಿಡ್ಡ ಕವಚದ ಹಾರಲಾರದ ರೂಪವೂ ಇರಬಹುದಾದ್ದರಿಂದ, ಕೇವಲ ಗಿಡ್ಡ ಕವಚವನ್ನು ನೆಚ್ಚಿ ಕುಲವನ್ನು ಕಟ್ಟುವುದು ಸಲ್ಲದು. ನಾನು ನೆಚ್ಚಿಕೊಂಡದ್ದು ಮುಖವನ್ನು. ಎದುರಿನಿಂದ ನೋಡಿದಾಗ ಹಣೆಯ ನಡುಗೆರೆ ಎಲ್ಲಿ ಕವಲೊಡೆಯುತ್ತದೆ, ಆ ಕವಲುಗಳು ಎಷ್ಟು ಅಗಲವಾಗಿ ಬಿರಿಯುತ್ತವೆ, ಕುಡಿಮೀಸೆಯ ಗುಳಿಗಳು ಕಣ್ಣಿನ ಕೆಳಅಂಚಿಗಿಂತ ಮೇಲಿವೆಯೋ ಕೆಳಗಿವೆಯೋ, ನೆತ್ತಿಯ ಅಗಲ ಒಂದು ಕಣ್ಣಿನ ಅಗಲದ ಎಷ್ಟು ಪಾಲು ಎಂಬಿವು ಅಷ್ಟಾಗಿ ಬದಲಾಗುವುದಿಲ್ಲ. ಇವುಗಳ ಜೊತೆಗೆ ಪ್ರೊನೋಟಮ್‌ನ ಪಕ್ಕದ ಹಾಲೆಗಳು ಕೆಳಕ್ಕೆ ಬಾಗಿವೆಯೋ ಹೊರಕ್ಕೆ ಚಾಚಿವೆಯೋ ಎಂಬುದನ್ನೂ ಪರಿಗಣಿಸಿದೆ.

ಮರಿಗಳ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಎಳೆಯ ಮರಿಯ ಪ್ರೊನೋಟಮ್ ಮನೆಯ ಸೂರಿನಂತೆ ನಡುವೆ ಎತ್ತರವಾಗಿರುತ್ತದೆ, ಕುಡಿಮೀಸೆಯಲ್ಲಿ ಗೆಣ್ಣುಗಳೂ ಕಡಿಮೆ. ಮರಿಯನ್ನೇ ಪ್ರೌಢ ಕೀಟವೆಂದು ಬಗೆದು ಹೆಸರಿಟ್ಟ ಉದಾಹರಣೆಗಳು ಈ ಕುಟುಂಬದ ಸಾಹಿತ್ಯದಲ್ಲಿವೆ. ಆದ್ದರಿಂದ ಹೆಣ್ಣಿನಲ್ಲಿ ಗರಗಸದ ಹಲ್ಲುಗಳಿರುವ ಮೊಟ್ಟೆಯಿಡುವ ಅಂಗ ಪೂರ್ಣವಾಗಿ ಬೆಳೆದಿರುವುದನ್ನು ಖಚಿತಪಡಿಸಿಕೊಂಡ ಮೇಲೆಯೇ ಅಂಥ ಹೆಣ್ಣುಗಳಲ್ಲಿ ಒಂದನ್ನು ಹೋಲೋಟೈಪ್ ಆಗಿ, ಅಂದರೆ ಪ್ರಭೇದದ ಹೆಸರಿಗೆ ಆಧಾರವಾಗುವ ಏಕೈಕ ಮಾದರಿಯಾಗಿ, ಆರಿಸಿದೆ. ಅದನ್ನು ತ್ರಿಕೋನದ ಪುಟ್ಟ ಕಾರ್ಡಿನ ತುದಿಗೆ ಅಂಟಿಸಿ, ಬೇರೆ ಬೇರೆ ಆಳದಲ್ಲಿ ತೆಗೆದ ಚಿತ್ರಗಳನ್ನು ಒಂದಾಗಿಸಿ, ಮೇಲಿನಿಂದ, ಪಕ್ಕದಿಂದ ಮತ್ತು ಎದುರಿನಿಂದ ದಾಖಲಿಸಿದೆ. ಇನ್ನೊಂದು ಮಾದರಿಯ ಕಾಲನ್ನು ಡಿಎನ್ಎ ಪರೀಕ್ಷೆಗಾಗಿ ಎಥನಾಲಿನಲ್ಲಿ ಇಟ್ಟಿದ್ದೇನೆ.

ಹೆಸರಿಡುವಾಗ ಕುಲದ ಹೆಸರು ಪ್ರಾಣಿಲೋಕದಲ್ಲಿ ಬೇರೆಲ್ಲಿಯೂ ಬಳಕೆಯಾಗಿರಬಾರದು. ಒಂದೇ ಅಕ್ಷರದ ವ್ಯತ್ಯಾಸವಿದ್ದರೂ ನಿಯಮದ ಮಟ್ಟಿಗೆ ಅದು ಬೇರೆ ಹೆಸರೇ, ಆದರೂ ಅಂಥ ಜಿಪುಣತನ ಓದುಗರಿಗೆ ಉಪಕಾರವಲ್ಲ. ಈ ಗುಂಪಿನಲ್ಲಿ ‘ಟೆಟಿಕ್ಸ್’ ಎಂದು ಮುಗಿಯುವ ಹೆಸರುಗಳು ಬಹಳ. ಡೊಮಿನಿಕನ್ ಅಂಬರಿನಲ್ಲಿ (ಕಲ್ಲಿನಂತೆ ಗಟ್ಟಿಯಾದ ಪ್ರಾಚೀನ ಮರದಂಟಿನಲ್ಲಿ) ಸಿಕ್ಕಿ 2014ರಲ್ಲಿ ಹೆಸರು ಪಡೆದ, ಕುರುಹು ರೆಕ್ಕೆಗಳಷ್ಟೇ ಇರುವ ಎಲೆಕ್ಟ್ರೊಟೆಟಿಕ್ಸ್ ಅಟೆನ್‌ಬರೋಯಿ ಎಂಬ ಪಳೆಯುಳಿಕೆಯೂ ಹೀಗೆಯೇ. ಗ್ರೀಕ್ ಮೂಲದ ಈ ಅಂತ್ಯ ಪುಲ್ಲಿಂಗವಾದ್ದರಿಂದ, ಪ್ರಭೇದದ ಹೆಸರು ವಿಶೇಷಣವಾಗಿದ್ದರೆ ಅದನ್ನೂ ಪುಲ್ಲಿಂಗದಲ್ಲಿಯೇ ಇಡಬೇಕು.

ಉಪಕುಟುಂಬದ ಬಗ್ಗೆ ಬಹಳ ಯೋಚಿಸಿದೆ. ರೆಕ್ಕೆಯಿಲ್ಲದೆ, ಅಗಲವಾದ ಹಣೆಕವಲಿನೊಡನೆ ತರಗೆಲೆಯಲ್ಲಿ ವಾಸಿಸುವ ಕೀಟವನ್ನು ಕ್ಲಾಡೊನೋಟಿನೆ ಎಂಬ ಉಪಕುಟುಂಬಕ್ಕೆ ಸೇರಿಸಿಬಿಡುವುದು ರೂಢಿ. ಆದರೆ ಈ ಉಪಕುಟುಂಬಗಳಲ್ಲಿ ಕೆಲವು ಒಂದೇ ಪೂರ್ವಜನಿಂದ ಬಂದ ಗುಂಪುಗಳಲ್ಲವೆಂದು ಡಿಎನ್ಎ ಆಧಾರಿತ ಅಧ್ಯಯನಗಳು ತೋರಿಸಿವೆ. ತರಗೆಲೆಯ ಬದುಕಿಗೆ ಒಗ್ಗಿದ ಬೇರೆ ಬೇರೆ ವಂಶಗಳು ರೆಕ್ಕೆ ಕಳೆದುಕೊಂಡು ಒಂದೇ ರೂಪ ತಾಳಿರುವ ಸಾಧ್ಯತೆ ಇದ್ದೇ ಇದೆ. ಹಾಗಾಗಿ ಹಸ್ತಪ್ರತಿಯಲ್ಲಿ ಉಪಕುಟುಂಬದ ಸ್ಥಾನವನ್ನು ಅನಿಶ್ಚಿತವೆಂದೇ ಬರೆದು, ಕ್ಲಾಡೊನೋಟಿನೆಯ ಯಾವ ಕುಲಗಳೊಂದಿಗೆ ಹೋಲಿಕೆ ಇದೆ ಎಂಬುದನ್ನು ಪ್ರತ್ಯೇಕ ಪರಿಚ್ಛೇದದಲ್ಲಿ ಚರ್ಚಿಸಿದೆ. ಜೀವವೈವಿಧ್ಯ ಕಾಯ್ದೆ, 2002ರ ಪ್ರಕಾರ ಹೊಸ ಜೀವಿಯ ಮಾದರಿಯನ್ನು ನಿಗದಿತ ಭಂಡಾರಕ್ಕೆ ಒಪ್ಪಿಸಬೇಕಾಗಿರುವುದರಿಂದ ಹೋಲೋಟೈಪ್ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯಕ್ಕೆ ಹೋಗುತ್ತದೆ. ಮರಿಗಳನ್ನು ಪ್ಯಾರಾಟೈಪ್ (ಹೋಲೋಟೈಪ್ ಜೊತೆಗೆ ವಿವರಣೆಗೆ ಆಧಾರವಾಗುವ ಉಳಿದ ಮಾದರಿ) ಎಂದು ಕರೆಯದೆ, ಹೆಚ್ಚುವರಿ ಸಾಮಗ್ರಿ ಎಂಬ ಚೀಟಿಯೊಂದಿಗೆ ಬೇರೆ ಸೀಸೆಯಲ್ಲಿ ಇರಿಸಿದ್ದೇನೆ.